ನವಾಬರ ಗಾಜು, ನಮ್ಮ ಕಂದಾಯ

ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಗಂಟೆ ಹೊಡೆಯುವ ಹೊತ್ತು ಹತ್ತಿರವಾಯಿತೆಂದರೆ ಉಳಿದ ಕೋಣೆಗಳಿಂದ ಜನ ಜಾರಿಕೊಳ್ಳುತ್ತಾರೆ. ಕಲಕತ್ತೆಯ ಕುಕ್ ಅಂಡ್ ಕೆಲ್ವಿ ಕಂಪನಿಯ ಸಂಗೀತ ಗಡಿಯಾರದೊಳಗಿಂದ ಗಡ್ಡದ ಪುಟ್ಟ ಗೊಂಬೆಯೊಂದು ಹೊರಬಂದು ಗಂಟೆ ಬಾರಿಸುತ್ತದೆ. ಅದನ್ನು ನೋಡಲು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡವರು, ಮೊಬೈಲ್ ಎತ್ತಿ ಹಿಡಿದವರು, ನಿಂತೂ ನಿಂತೂ ಕಾಲು ನೋಯಿಸಿಕೊಂಡ ಹಿರಿಯರು ಎಲ್ಲರೂ ಒಂದೆಡೆ ಸೇರುತ್ತಾರೆ. ಆಮೇಲೆ ಇಟಲಿಯ ಬೆನ್‌ಝೋನಿ ಕೆತ್ತಿದ ಮುಸುಕಿನ ರೆಬೆಕ್ಕಾಳ ಅಮೃತಶಿಲೆಯ ಮೂರ್ತಿ, ಅದಾದ ಮೇಲೆ ಕ್ಯಾಂಟೀನು. ಗಾಜಿನ ವಿಭಾಗಕ್ಕೆ ಬರುವವರು ಕಡಿಮೆ. ಬಂದವರೂ ನಡಿಗೆ ನಿಲ್ಲಿಸುವುದಿಲ್ಲ. ಕಪಾಟಿನಲ್ಲಿ ಸಾಲಾಗಿ ಕುಳಿತ ಲೋಟ, ಹೂದಾನಿ, ಸೀಸೆಗಳನ್ನು ನೋಡಿ ‘ದೊಡ್ಡವರ ಮನೆಯ ಪಾತ್ರೆಪಗಡ’ ಎಂದುಕೊಂಡು ಮುಂದೆ ಸಾಗುತ್ತಾರೆ.

ಅತನೂರ, ಅಫಜಲಪುರ, ಆಳಂದ, ಜೇವರ್ಗಿ ಕಡೆಯಿಂದ ಹೈದರಾಬಾದಿಗೆ ಹೋಗುವವರು ಮಾತ್ರ ಹಾಗೆ ಮಾಡಬಾರದು ಎಂಬುದು ನನ್ನ ಹಟ. ನಮ್ಮವರು ಅಲ್ಲಿಗೆ ಹೋಗುವುದು ಆಸ್ಪತ್ರೆಗೆ, ಮದುವೆ ಜವಳಿಗೆ, ಮಗನ ನೌಕರಿಯ ಸಂದರ್ಶನಕ್ಕೆ. ಇಮ್ಲಿಬನ್ ಬಸ್ ನಿಲ್ದಾಣದಲ್ಲಿ ಇಳಿದರೆ ಮ್ಯೂಸಿಯಂ ದೂರವಿಲ್ಲ, ಮೂಸಿ ನದಿಯ ದಂಡೆಯ ಮೇಲೇ ಇದೆ. ಕೆಲಸ ಮುಗಿದ ಮೇಲೆ ಉಳಿದ ಅರ್ಧ ದಿನವನ್ನು ಗಾಜಿಗೆ ಕೊಟ್ಟರೆ ನಷ್ಟವೇನಿಲ್ಲ. ಯಾಕೆಂದರೆ ಆ ಕಪಾಟುಗಳಲ್ಲಿರುವ ಮಾಲಿಗೆ ದುಡ್ಡು ತೆತ್ತವರಲ್ಲಿ ಕನ್ನಡ ನಾಡಿನ ರೈತರೂ ಇದ್ದಾರೆ.

ಇದು ಅಲಂಕಾರಕ್ಕೆ ಹೇಳಿದ ಮಾತಲ್ಲ. ನಿಜಾಮರ ದಿವಾನರಾಗಿದ್ದ ಸಾಲಾರ್ ಜಂಗ್ ಮನೆತನಕ್ಕೆ ಸಂಸ್ಥಾನದ ಹಲವೆಡೆ ಜಹಗೀರುಗಳಿದ್ದವು. ಅವುಗಳಲ್ಲಿ ಕೊಪ್ಪಳ ಮತ್ತು ಯಲಬುರ್ಗಾ ಎರಡು ದೊಡ್ಡ ತಾಲ್ಲೂಕುಗಳು. ಅಲ್ಲಿನ ಕಂದಾಯ ನಿಜಾಮರ ಖಜಾನೆಗೆ ಹೋಗದೆ ನೇರ ನವಾಬರ ಎಸ್ಟೇಟಿಗೆ ಹೋಗುತ್ತಿತ್ತು. ನಮ್ಮ ಮಗ್ಗುಲಿನ ಆಳಂದದ ಕತೆ ಸ್ವಲ್ಪ ಬೇರೆ. ಅದು ಪಾಯಗಾ ತಾಲ್ಲೂಕು. ನಿಜಾಮರ ಮನೆಯೊಡನೆ ಹೆಣ್ಣು ಕೊಟ್ಟು ತಂದುಕೊಂಡ ಪಾಯಗಾ ಅಮೀರರಿಗೆ ಸೇರಿದ್ದು. ಅವರ ಗಾಜಿನ ಸಂಗತಿಗೆ ಆಮೇಲೆ ಬರುತ್ತೇನೆ. ಎರೆಹೊಲದ ಜೋಳ, ಕುಸುಬೆ, ಹತ್ತಿ ಮಾರಿ ಬಂದ ಹಣ ಸಾಹುಕಾರ, ಪಟೇಲ, ತಹಶೀಲ್ದಾರರ ಕೈ ದಾಟಿ ಹೈದರಾಬಾದು ಸೇರಿ, ಅಲ್ಲಿಂದ ಲಂಡನ್ನಿನ ಹರಾಜಿಗೋ ಪ್ಯಾರಿಸ್ಸಿನ ಅಂಗಡಿಗೋ ಹೋಗಿ, ಕೊನೆಗೆ ಒಂದು ಕೆಂಪು ಹೂದಾನಿಯಾಗಿ ಮರಳಿ ಬಂದಿದೆ.

ಮ್ಯೂಸಿಯಮ್ಮಿನ ಬಹುಪಾಲು ವಸ್ತುಗಳನ್ನು ಕೂಡಿಹಾಕಿದವರು ಮೂರನೆಯ ಸಾಲಾರ್ ಜಂಗ್, ಮೀರ್ ಯೂಸುಫ್ ಅಲಿ ಖಾನ್. 1889ರಲ್ಲಿ ಪುಣೆಯಲ್ಲಿ ಹುಟ್ಟಿದರು. ಅದೇ ವರ್ಷ ತಂದೆ ತೀರಿಕೊಂಡರು. 1912ರಲ್ಲಿ, ಇನ್ನೂ ಇಪ್ಪತ್ಮೂರರ ಹರೆಯದಲ್ಲಿ, ಏಳನೆಯ ನಿಜಾಮ ಉಸ್ಮಾನ್ ಅಲಿ ಖಾನರ ಪ್ರಧಾನಿಯಾದರು. ಎರಡೇ ವರ್ಷದಲ್ಲಿ ಆ ಹುದ್ದೆ ಬಿಟ್ಟರು. ಉಳಿದ ಆಯುಷ್ಯವೆಲ್ಲ ಕೊಳ್ಳುವುದರಲ್ಲೇ ಕಳೆಯಿತು. ಮದುವೆಯಾಗಲಿಲ್ಲ. ದಿವಾನ್ ದೇವಡಿ ಎಂಬ ಹಿರಿಯರ ಅರಮನೆಯಲ್ಲಿ ಕುಳಿತು ದಲ್ಲಾಳಿಗಳು ತಂದದ್ದನ್ನು ನೋಡುವುದು, ಪರದೇಶದಿಂದ ಬರುವ ಕ್ಯಾಟಲಾಗು ತಿರುವುವುದು, ಪೆಟ್ಟಿಗೆ ಬಂದಾಗ ಬಿಚ್ಚಿಸುವುದು ಇದೇ ಕಾಯಕ. ಹಸ್ತಪ್ರತಿ, ಚೀನಾದ ಪಿಂಗಾಣಿ, ಜೇಡ್ ಕಲ್ಲಿನ ಕಠಾರಿ, ಗಡಿಯಾರ, ಊರುಗೋಲು, ಗೊಂಬೆ, ಗಾಜು, ಯಾವುದನ್ನೂ ಬಿಡಲಿಲ್ಲ. ಆಯ್ದು ತಂದವರ ಸಂಗ್ರಹ ಇದಲ್ಲ, ಆಸೆಪಟ್ಟದ್ದನ್ನೆಲ್ಲ ತಂದವರದು. ಹಾಗಾಗಿ ಅಲ್ಲಿ ಅಪರೂಪದ ಮಾಲಿನ ಪಕ್ಕದಲ್ಲೇ ಸಾಧಾರಣ ಮಾಲೂ ಕಾಣುತ್ತದೆ. ನನಗೆ ಅದು ಕೊರತೆ ಎನಿಸಿಲ್ಲ. ಆ ಕಾಲದ ಶ್ರೀಮಂತ ಮನೆಯೊಂದು ಏನೇನು ಬಯಸುತ್ತಿತ್ತು ಎಂಬುದು ಹಾಗೆಯೇ ತಿಳಿಯುತ್ತದೆ.

ಅವರು ತೀರಿಕೊಂಡದ್ದು 1949ರ ಮಾರ್ಚ್ 2ರಂದು. ಹೈದರಾಬಾದನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದು ಇನ್ನೂ ಆರು ತಿಂಗಳಾಗಿರಲಿಲ್ಲ. ಅದೇ ಆಗಸ್ಟಿನಲ್ಲಿ ಹೈದರಾಬಾದ್ ಸಂಸ್ಥಾನದ ಜಹಗೀರುಗಳೆಲ್ಲ ರದ್ದಾದವು. ಇನ್ನು ಕೆಲವೇ ತಿಂಗಳು ಬದುಕಿದ್ದರೆ ಕೊಪ್ಪಳದ ಕಂದಾಯ ನಿಂತುಹೋದದ್ದನ್ನು ಕಣ್ಣಾರೆ ಕಾಣುತ್ತಿದ್ದರು. ನೇರ ವಾರಸುದಾರರಿಲ್ಲದ ಆ ಸಂಪತ್ತು ಹರಾಜಾಗಿ ಚೆಲ್ಲಾಪಿಲ್ಲಿಯಾಗಬಹುದಿತ್ತು. ಆಗ ಹೈದರಾಬಾದಿನ ಆಡಳಿತ ನೋಡುತ್ತಿದ್ದ ಎಂ.ಕೆ. ವೆಲ್ಲೋಡಿಯವರು ಮುತುವರ್ಜಿ ವಹಿಸಿದರು. ಕಲಾವಿಮರ್ಶಕ ಜೇಮ್ಸ್ ಕಸಿನ್ಸ್ ಅವರ ನೆರವಿನಿಂದ ವಸ್ತುಗಳನ್ನು ಜೋಡಿಸಲಾಯಿತು. 1951ರ ಡಿಸೆಂಬರ್ 16ರಂದು ದಿವಾನ್ ದೇವಡಿಯಲ್ಲೇ ನೆಹರೂ ಅವರು ಮ್ಯೂಸಿಯಮ್ಮನ್ನು ಉದ್ಘಾಟಿಸಿದರು. ಸಂಬಂಧಿಕರ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು. 1961ರಲ್ಲಿ ಸಂಸತ್ತಿನ ಕಾಯ್ದೆಯಿಂದ ಇದು ರಾಷ್ಟ್ರೀಯ ಮಹತ್ವದ ಸಂಸ್ಥೆಯಾಯಿತು, 1968ರಲ್ಲಿ ಈಗಿನ ಕಟ್ಟಡಕ್ಕೆ ಬಂತು.

ಇದರಲ್ಲಿ ಹಳೆಯ ಮಾಲು ನಮ್ಮ ಕಡೆಯಿಂದಲೇ ಹಾದು ಹೋಗಿದೆ ಎಂಬುದು ಇನ್ನೊಂದು ಸ್ವಾರಸ್ಯ. ಬೊಂಬಾಯಿಯಿಂದ ಸೊಲ್ಲಾಪುರಕ್ಕೆ ಬಂದು ನಿಂತಿದ್ದ ಗ್ರೇಟ್ ಇಂಡಿಯನ್ ಪೆನಿನ್ಸುಲಾ (ಜಿಐಪಿ) ರೈಲು ಮಾರ್ಗ ಗುಲಬರ್ಗಾ ಮೇಲಿಂದ 1871ರಲ್ಲಿ ರಾಯಚೂರು ಮುಟ್ಟಿತು. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿದ್ದು 1874ರಲ್ಲಿ. ಅದಕ್ಕೆ ಓಡಾಡಿದವರು ಆಗಿನ ದಿವಾನ, ಮೊದಲನೆಯ ಸಾಲಾರ್ ಜಂಗ್. 1876ರಲ್ಲಿ ಅವರು ಯುರೋಪಿಗೆ ಹೋದಾಗ ರೋಮಿನಲ್ಲಿ ರೆಬೆಕ್ಕಾಳ ಮೂರ್ತಿ ಕೊಂಡರು. ಆ ಕಾಲಕ್ಕೆ ಬೊಂಬಾಯಿ ಬಂದರಿನಿಂದ ಹೈದರಾಬಾದಿಗೆ ಬೇರೆ ರೈಲು ಹಾದಿಯೇ ಇರಲಿಲ್ಲ. ಹಾಗಿದ್ದ ಮೇಲೆ ಆಗ ಬಂದ, ಹುಲ್ಲು, ಮರದ ಹೊಟ್ಟು ತುಂಬಿದ ಪೆಟ್ಟಿಗೆಗಳು ದುಧನಿ, ಗಾಣಗಾಪುರ ರೋಡ್, ಗುಲಬರ್ಗಾ, ಶಹಾಬಾದ ನಿಲ್ದಾಣಗಳನ್ನು ದಾಟಿ ವಾಡಿಯಲ್ಲಿ ಪೂರ್ವಕ್ಕೆ ತಿರುಗಿರಲೇಬೇಕು. ಪೆಟ್ಟಿಗೆಯೊಳಗೇನಿದೆ ಎಂದು ನಿಲ್ದಾಣದ ಹಮಾಲನಿಗೆ ತಿಳಿದಿರಲಿಕ್ಕಿಲ್ಲ. ಮೆಲ್ಲಗೆ ಇಳಿಸೆಂದು ಗದರಿಸಿದ್ದಂತೂ ಕೇಳಿಸಿರಬೇಕು.

ಈಗ ಕಪಾಟಿನ ಮುಂದೆ ನಿಲ್ಲೋಣ. ಗಾಜನ್ನು ನೋಡುವುದಕ್ಕೂ ಒಂದು ರೂಢಿ ಬೇಕು. ಚಿತ್ರಪಟದಂತೆ ಅದು ಎದುರಿಗೆ ನಿಂತವನಿಗೆ ತನ್ನನ್ನು ಒಪ್ಪಿಸುವುದಿಲ್ಲ. ಸ್ವಲ್ಪ ಬಗ್ಗಿ, ಬೆಳಕು ಹಿಂದಿನಿಂದ ಬರುವಂತೆ ನೋಡಬೇಕು. ಬಣ್ಣ ಗಾಜಿನ ಮೈಯೊಳಗೇ ಇದೆಯೋ, ಮೇಲೆ ತೆಳ್ಳಗೆ ಹೊದಿಸಿದ್ದೋ, ಕುಂಚದಲ್ಲಿ ಬಳಿದು ಸುಟ್ಟದ್ದೋ ಎಂಬ ಮೂರು ಪ್ರಶ್ನೆ ಕೇಳಿಕೊಂಡರೆ ಅರ್ಧ ವಿದ್ಯೆ ಬಂದಂತೆ.

ಯುರೋಪಿನ ಗಾಜಿನಲ್ಲಿ ಹಿರಿಯದು ವೆನಿಸ್ಸಿನದು. ಕುಲುಮೆಗಳಿಂದ ಊರಿಗೆ ಬೆಂಕಿ ಬಿದ್ದೀತೆಂಬ ಭಯಕ್ಕೆ 1291ರಲ್ಲಿ ಅಲ್ಲಿನ ಆಡಳಿತ ಗಾಜುಗಾರರನ್ನೆಲ್ಲ ಮುರಾನೋ ದ್ವೀಪಕ್ಕೆ ಕಳಿಸಿತು. ಕಸುಬಿನ ಗುಟ್ಟು ಹೊರಗೆ ಹೋಗದಂತೆ ಕಾಯುವುದಕ್ಕೂ ಅದು ಅನುಕೂಲವಾಯಿತು. ಗಾಜುಗಾರ ಊರು ಬಿಟ್ಟು ಓಡಿದರೆ ಶಿಕ್ಷೆಯಾಗುತ್ತಿತ್ತು. ಅಲ್ಲಿಯ ಗಾಜು ಸೋಡಾ ಬೆರೆತದ್ದು. ಕುಲುಮೆಯಿಂದ ಹೊರಬಂದ ಮೇಲೂ ಕೆಲಹೊತ್ತು ಮೆತ್ತಗಿರುತ್ತದೆ. ಎಳೆದು, ತಿರುಚಿ, ಹೂವು ಹಾವು ಮೀನು ಏನು ಬೇಕಾದರೂ ಮಾಡಬಹುದು. ಹಾಲಿನ ಬಣ್ಣದ ಎಳೆಗಳನ್ನು ಒಳಗೆ ನೂಲಿನಂತೆ ತಿರುಚಿ ಊದಿದ ಪಾತ್ರೆಗಳು ವೆನಿಸ್ಸಿನ ಗುರುತು. ಕೈಗೆ ತೆಗೆದುಕೊಂಡರೆ ಇವು ತೀರ ಹಗುರ. ಮ್ಯೂಸಿಯಮ್ಮಿನಲ್ಲಿ ಕೈಗೆ ಕೊಡುವುದಿಲ್ಲ ಬಿಡಿ.

ಇಂಗ್ಲೆಂಡಿನದು ಬೇರೆ ಹಾದಿ. 1674ರಲ್ಲಿ ಹೊಸ ಬಗೆಯ ಗಾಜಿಗೆ ಪೇಟೆಂಟು ಪಡೆದ ಜಾರ್ಜ್ ರೇವನ್ಸ್‌ಕ್ರಾಫ್ಟ್ ಎಂಬಾತ ಮುಂದೆ ಅದಕ್ಕೆ ಸೀಸದ ಭಸ್ಮ ಬೆರೆಸಿದ. ಸೀಸ ಬೆರೆತ ಗಾಜು ಭಾರ, ಮೃದು, ಬೆಳಕನ್ನು ಹೆಚ್ಚು ಒಡೆಯುತ್ತದೆ. ಬೆರಳಿನಿಂದ ತಟ್ಟಿದರೆ ದನಿ ಎಳೆದುಕೊಂಡು ಹೋಗುತ್ತದೆ. ಮೃದುವಾದ್ದರಿಂದ ತಿರುಗುವ ಕಲ್ಲಿನ ಚಕ್ರಕ್ಕೆ ಹಿಡಿದು ಮೈತುಂಬ ಮೂಲೆ ಕತ್ತರಿಸಬಹುದು. ನಮ್ಮ ಕಡೆ ‘ಕಟ್ ಗಿಲಾಸ್’ ಎಂದು ಕರೆಯುವುದು ಇದನ್ನೇ. ಐರ್ಲೆಂಡಿನ ವಾಟರ್‌ಫರ್ಡ್ ಕಾರ್ಖಾನೆ 1783ರಲ್ಲಿ ಶುರುವಾಗಿ ಇದೇ ಕಸುಬಿನಿಂದ ಹೆಸರಾಯಿತು. ಫ್ರಾನ್ಸಿನ ಬಕಾರಾ, ಬೆಲ್ಜಿಯಮ್ಮಿನ ವಾಲ್ ಸೇಂಟ್ ಲ್ಯಾಂಬರ್ಟ್ ಕಾರ್ಖಾನೆಗಳೂ ಇದೇ ದಾರಿ ಹಿಡಿದು ರಾಜರ ಮನೆಗಳಿಗೆ ಮಾಲು ಕಳಿಸಿದವು. ಕತ್ತರಿಸಿದ ಮೂಲೆ ಕೈಗೆ ಚುರುಕ್ಕೆನ್ನುವಷ್ಟು ಚೂಪಾಗಿದ್ದರೆ ಅದು ಚಕ್ರದ ಕೆಲಸ. ಅಚ್ಚಿಗೆ ಒತ್ತಿದ ಅಗ್ಗದ ಮಾಲಿನಲ್ಲಿ ಮೂಲೆಗಳು ಸವೆದ ಸಾಬೂನಿನಂತೆ ದುಂಡಗಿರುತ್ತವೆ, ಮೈಮೇಲೆ ಅಚ್ಚು ಕೂಡಿದ ಗೆರೆಯೂ ಕಾಣುತ್ತದೆ.

ನನಗೆ ಮಾತ್ರ ಎಲ್ಲಕ್ಕಿಂತ ಬೊಹೀಮಿಯಾದ ಗಾಜು ಇಷ್ಟ. ಈಗಿನ ಚೆಕ್ ದೇಶದ ಆ ಗುಡ್ಡಗಾಡಿನಲ್ಲಿ ಕುಲುಮೆಗೆ ಸೌದೆ, ಸೌದೆಯ ಬೂದಿಯಿಂದ ಪೊಟ್ಯಾಷ್, ಹೊಳೆಯಿಂದ ಚಕ್ರ ತಿರುಗಿಸುವ ನೀರು ಎಲ್ಲವೂ ಒಂದೇ ಕಡೆ ಸಿಗುತ್ತಿದ್ದವು. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಅಲ್ಲಿ ಬಣ್ಣಗಳ ಹುಚ್ಚೇ ಹಿಡಿಯಿತು. ಫ್ರೀಡ್ರಿಕ್ ಎಗರ್‌ಮಾನ್ ಎಂಬ ಕುಶಲಿ ಬೆಳ್ಳಿಯಿಂದ ಹಳದಿ ಬಣ್ಣವನ್ನೂ ತಾಮ್ರದಿಂದ ಮಾಣಿಕ್ಯದ ಕೆಂಪನ್ನೂ ಗಾಜಿನ ಮೈಗೆ ಹಿಡಿಸುವ ಬಗೆ ಕಂಡುಹಿಡಿದ. ಅದಕ್ಕೂ ಮೊದಲು ಮಾಣಿಕ್ಯಗೆಂಪಿನ ಪಾತ್ರೆಗೆ ಹೆಚ್ಚಾಗಿ ಬಂಗಾರ ಬೇಕಿತ್ತು. ಬಂಗಾರವನ್ನು ಆಮ್ಲದಲ್ಲಿ ಕರಗಿಸಿ ಗಾಜಿಗೆ ಬೆರೆಸಿದರೆ ಮೊದಲು ಬಣ್ಣವೇ ಕಾಣದು, ಮತ್ತೆ ಹದವಾಗಿ ಕಾಯಿಸಿದಾಗ ಕೆಂಪು ಮೇಲೆದ್ದು ಬರುತ್ತದೆ. ಅಂಥದ್ದನ್ನು ಅರಸರೇ ಕೊಳ್ಳಬೇಕು. ಎಗರ್‌ಮಾನ್‌ನ ತಾಮ್ರದ ಕೆಂಪು ವ್ಯಾಪಾರಿಗಳಿಗೂ ಎಟುಕಿತು. ಬಿಳಿ ಗಾಜಿನ ಮೇಲೆ ಕೆಂಪು, ಕೆಂಪಿನ ಮೇಲೆ ಹಾಲುಬಿಳಿ ಹೀಗೆ ಪದರ ಹೊದಿಸಿ, ಕಿಟಕಿ ತೆರೆದಂತೆ ಅಲ್ಲಲ್ಲಿ ಕತ್ತರಿಸಿ ಒಳಗಿನ ಬಣ್ಣ ಕಾಣಿಸುವುದು ಅವರ ಇನ್ನೊಂದು ಚಮತ್ಕಾರ. ಯೋಸೆಫ್ ರೀಡೆಲ್ ಯುರೇನಿಯಂ ಬೆರೆಸಿ ಹಸಿರು ಮಿಶ್ರಿತ ಹಳದಿ ಗಾಜು ಮಾಡಿ ಅದಕ್ಕೆ ಹೆಂಡತಿ ಅನ್ನಾಳ ಹೆಸರಿಟ್ಟ. ಅತಿನೇರಳೆ ದೀಪ ಹಿಡಿದರೆ ಅದು ಹಸಿರಾಗಿ ಉರಿಯುತ್ತದೆ. ಹಳೆಯ ಗಾಜು ಕೂಡಿಸುವವರ ಜೇಬಿನಲ್ಲಿ ಇವತ್ತಿಗೂ ಅಂಥದೊಂದು ಪುಟ್ಟ ಟಾರ್ಚು ಇರುತ್ತದೆ.

ಬೊಹೀಮಿಯಾದವರು ಗಿರಾಕಿಯ ಮನಸ್ಸು ಬಲ್ಲ ವ್ಯಾಪಾರಿಗಳು. ಟರ್ಕಿ, ಪರ್ಷಿಯಾ, ಹಿಂದುಸ್ತಾನದ ಪೇಟೆಗೆಂದೇ ಗುಲಾಬದಾನಿ, ಹುಕ್ಕಾದ ಬುರುಡೆ, ಮುಚ್ಚಳದ ಬಟ್ಟಲು ಮಾಡಿ ಚಿನ್ನದ ಬಳ್ಳಿ ಬರೆದು ಕಳಿಸುತ್ತಿದ್ದರು. ಈ ಸಾಮಾನುಗಳಿಗೆ ಮಾದರಿ ನಮ್ಮ ಕಡೆಯವೇ. ಮೊಗಲರ ಕಾಲದಿಂದ ಇಲ್ಲಿ ಗಾಜಿನ ಹುಕ್ಕಾ ಬುರುಡೆ, ಅತ್ತರದಾನಿ, ಪೀಕದಾನಿಗಳ ಬಳಕೆಯಿತ್ತು. ಗುಂಡಗಿನ ಅಥವಾ ಗಂಟೆಯಾಕಾರದ, ಹಸಿರು ನೀಲಿ ಗಾಜಿನ ಮೇಲೆ ಪಾಪಿ ಹೂವಿನ ಸಾಲು ಚಿನ್ನದಲ್ಲಿ ಬರೆದ ಆ ಬುರುಡೆಗಳು ಇವತ್ತು ಲಂಡನ್ನಿನ ಹರಾಜಿನಲ್ಲಿ ಕೈಗೆ ಎಟುಕದ ಬೆಲೆಗೆ ಹೋಗುತ್ತವೆ. ಬೀದರಿನ ಕುಶಲಿಗಳು ಅದೇ ಆಕಾರವನ್ನು ಲೋಹದಲ್ಲಿ ಎರಕ ಹೊಯ್ದು, ಬೆಳ್ಳಿ ಕೂಡಿಸಿ, ಮೈ ಕಪ್ಪಾಗಿಸಿದರು. ಸಾಲಾರ್ ಜಂಗ್‌ನಲ್ಲಿ ಬೀದರಿ ಸಾಮಾನೂ ಹೇರಳ. ಎರಡನ್ನೂ ಒಂದೇ ದಿನ ನೋಡಿದವರಿಗೆ ಗಾಜಿನ ಬುರುಡೆಯ ಕತ್ತು, ಬೀದರಿ ಬುರುಡೆಯ ಕತ್ತು ಎಷ್ಟು ಹತ್ತಿರದ ನೆಂಟರು ಎಂಬುದು ಕಾಣುತ್ತದೆ. ಇದನ್ನು ಬರೆದಿಟ್ಟ ಫಲಕವೇನೂ ಬೇಕಿಲ್ಲ, ಕಣ್ಣೇ ಸಾಕು.

ಫ್ರೆಂಚ್ ಗಾಜಿನ ಬಗ್ಗೆ ಎರಡೇ ಮಾತು. ನಾನ್ಸಿ ಊರಿನ ಎಮಿಲ್ ಗಾಲೆ (1846–1904) ಪದರದ ಗಾಜನ್ನು ಆಮ್ಲದಲ್ಲಿ ತಿನ್ನಿಸಿ ಎಲೆ, ತುಂಬಿ, ಸಂಜೆಯ ಕೆರೆ ಮೂಡಿಸುವ ಕಲೆಯನ್ನು ಎತ್ತರಕ್ಕೆ ಒಯ್ದ. ಅವನ ಹೆಸರಿನ ನಕಲು ಲೋಕವೆಲ್ಲ ತುಂಬಿದೆ. ಹಳೆಯ ಸಾಮಾನಿನ ಅಂಗಡಿಯಲ್ಲಿ ಆ ಸಹಿ ಕಂಡ ಕೂಡಲೇ ಕೈ ಜೇಬಿಗೆ ಹೋಗಬಾರದು.

ಇನ್ನು ಪಾಯಗಾ ಅಮೀರರು. ಅವರಲ್ಲೊಬ್ಬರಾದ ವಿಕಾರ್ ಉಲ್ ಉಮ್ರಾ 1884ರಲ್ಲಿ ಫಲಕ್‌ನುಮಾ ಅರಮನೆಗೆ ಅಡಿಗಲ್ಲಿಟ್ಟರು. ಮುಗಿಯುವ ಹೊತ್ತಿಗೆ ಸಾಲ ತಲೆಯ ಮೇಲೇರಿತ್ತು. ಕೊನೆಗೆ ಅದು ಆರನೆಯ ನಿಜಾಮ ಮೆಹಬೂಬ್ ಅಲಿ ಖಾನರ ಪಾಲಾಯಿತು. ಒಟ್ಟಿಗೆ 101 ಮಂದಿ ಉಣ್ಣಲು ಕೂರುವ ಮೇಜು ಅಲ್ಲಿದೆ, ಅದರ ಮೇಲೆ ಬೆಳಕು ಸುರಿಯುವ ಝೂಮರುಗಳಿವೆ. ಬರ್ಮಿಂಗ್‌ಹ್ಯಾಮಿನ ಆಸ್ಲರ್ ಕಂಪನಿಯ ಝೂಮರುಗಳಿಗೆ ಫಲಕ್‌ನುಮಾ ಹೆಸರುವಾಸಿ. 1851ರ ಲಂಡನ್ ಮಹಾಪ್ರದರ್ಶನದ ನಡುಮಧ್ಯೆ 27 ಅಡಿ ಎತ್ತರದ, ನಾಲ್ಕು ಟನ್ ತೂಕದ ಗಾಜಿನ ಕಾರಂಜಿ ನಿಲ್ಲಿಸಿದವರು ಇದೇ ಆಸ್ಲರ್‌ನವರು. ಅದಕ್ಕೂ ಮೊದಲೇ ಕಲಕತ್ತೆಯಲ್ಲಿ ಅಂಗಡಿ ತೆರೆದಿದ್ದರು. ನಮ್ಮ ರಾಜ ಮಹಾರಾಜರಿಗೆ ಗಾಜಿನ ಕುರ್ಚಿ, ಗಾಜಿನ ಮೇಜು ಕೂಡ ಮಾಡಿಕೊಟ್ಟರು. ಗಾಜಿನ ಕುರ್ಚಿಯಲ್ಲಿ ಕುಳಿತ ಮಹಾರಾಜರು ಎಷ್ಟು ಹೊತ್ತು ಸುಖವಾಗಿ ಕುಳಿತಿದ್ದರೋ ಕೇಳಬೇಕೆನಿಸುತ್ತದೆ. ಝೂಮರ್ ಇಡಿಯಾಗಿ ಬರುತ್ತಿರಲಿಲ್ಲ. ತೋಳು, ಬಟ್ಟಲು, ಹರಳಿನ ಸರ ಎಲ್ಲ ಬೇರೆ ಬೇರೆ ಪೆಟ್ಟಿಗೆಯಲ್ಲಿ ಬಂದು ಇಲ್ಲಿ ಜೋಡಣೆಯಾಗುತ್ತಿದ್ದವು.

ಫಲಕ್‌ನುಮಾ 2010ರಿಂದ ಪಂಚತಾರಾ ಹೋಟೆಲು. ನಮ್ಮಂಥವರಿಗೆ ಚಾರ್‌ಮಿನಾರಿನ ಹತ್ತಿರದ ಚೌಮಹಲ್ಲಾ ಅರಮನೆ ಸುಲಭ. ಅಲ್ಲಿನ ಖಿಲ್ವತ್ ದರ್ಬಾರಿನಲ್ಲಿ ಬೆಲ್ಜಿಯಂ ಗಾಜಿನ 19 ಝೂಮರುಗಳಿವೆ. ಟಿಕೇಟು ಕೊಂಡರೆ ಅವುಗಳ ಕೆಳಗೇ ಕತ್ತೆತ್ತಿ ನಿಲ್ಲಬಹುದು. ಪಾಯಗಾ ತಾಲ್ಲೂಕಿನ ಆಳಂದದವರಿಗೆ ಟಿಕೇಟಿನಲ್ಲಿ ರಿಯಾಯಿತಿ ಸಿಗಬೇಕು ಎಂದು ನಾನು ತಮಾಷೆಗೆ ಹೇಳುವುದುಂಟು.

ಈ ವೈಭವವನ್ನೆಲ್ಲ ನೋಡಿದ ಮೇಲೆ ಒಂದು ವಿಚಾರ ಬಿಡದೆ ಕಾಡುತ್ತದೆ. ನವಾಬರ ಕಪಾಟಿನ ಕೆಂಪು ಹೂದಾನಿ ಬಂದ ಬೊಹೀಮಿಯಾದ ಗುಡ್ಡಗಳಿಂದಲೇ ನಮ್ಮ ಹೆಣ್ಣುಮಕ್ಕಳ ಕೈಬಳೆಯೂ ಬರುತ್ತಿತ್ತು. ಆಗ ಆಸ್ಟ್ರಿಯಾಕ್ಕೆ ಸೇರಿದ್ದ ಗಾಬ್ಲೊಂಝ್ ಎಂಬ ಊರಿನ ಸುತ್ತಣ ಹಳ್ಳಿಗಳಲ್ಲಿ ಮನೆಮನೆಯಲ್ಲೂ ಮಣಿ, ಬಳೆ ಮಾಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅವರ ದೊಡ್ಡ ಗಿರಾಕಿಗಳಲ್ಲಿ ಹಿಂದುಸ್ತಾನವೂ ಒಂದು. ಬಳೆಗಾರನ ಮಲಾರದಲ್ಲಿ ಹೊಳೆಯುವ, ನುಣುಪಾದ, ಅಗ್ಗದ ಆಸ್ಟ್ರಿಯಾ ಬಳೆ ಬಂದು ಕುಳಿತ ಮೇಲೆ ಇಲ್ಲಿನ ಒರಟು ಬಳೆಯನ್ನು ಕೇಳುವವರಿಲ್ಲದಂತಾಯಿತು.

ಇಲ್ಲಿನ ಒರಟು ಬಳೆ ಎಂದೆ. ಕನ್ನಡ ನಾಡಿನಲ್ಲಿ ಗಾಜು ಹೊಸದೇನಲ್ಲ. ಅಶೋಕನ ಶಾಸನದ ಮಸ್ಕಿಯಲ್ಲಿ ಅಗೆದಾಗ ಗಾಜಿನ ಮಣಿಗಳು ಸಿಕ್ಕಿವೆ. ಚಿತ್ರದುರ್ಗ ಜಿಲ್ಲೆ ಹೊಸದುರ್ಗ ತಾಲ್ಲೂಕಿನ ಮತ್ತೋಡು ಬಳೆಯ ಊರೆಂದೇ ಹೆಸರಾಗಿತ್ತು. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಲು ಹೊರಟ ಫ್ರಾನ್ಸಿಸ್ ಬುಕನನ್ ಅಲ್ಲಿನ ಕುಲುಮೆಗಳನ್ನು ನೋಡಿ ವಿವರವಾಗಿ ಬರೆದಿದ್ದಾನೆ. ಬಿಳಿಕಲ್ಲಿನ ಪುಡಿ, ಚೌಳು ಮಣ್ಣಿನಿಂದ ತೆಗೆದ ಸೋಡಾ ಇವೆರಡು ಮುಖ್ಯ ಸರಕು. ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಹೀಗೆ ಐದು ಬಣ್ಣದ ಗಾಜು. ಕಪ್ಪಿಗೆ ಎಲ್ಲಕ್ಕಿಂತ ಬೇಡಿಕೆ. ಕರಗಿದ ಗಾಜಿನ ಮುದ್ದೆಯನ್ನು ಕಬ್ಬಿಣದ ಕಂಬಿಗೆ ತೆಗೆದುಕೊಂಡು, ನಡುವೆ ತೂತು ಮಾಡಿ, ಮಣ್ಣಿನ ಶಂಕುವಿಗೇರಿಸಿ ಗರಗರ ತಿರುಗಿಸಿದರೆ ಬೆಸುಗೆಯಿಲ್ಲದ ಬಳೆ ಸಿದ್ಧ. ಬೆಳಕು ತೂರದ, ಒರಟು ಬಳೆ. ಆದರೆ ಕಲ್ಲು, ಚೌಳು, ಸೌದೆ, ಕೈ ಎಲ್ಲವೂ ಊರಿನದೇ. ಅದೇ ಪ್ರವಾಸದಲ್ಲಿ ಬುಕನನ್ ಚನ್ನಪಟ್ಟಣದ ಗಾಜಿನ ಕೆಲಸವನ್ನೂ ಕಂಡಿದ್ದ. ಮತ್ತೋಡಿನ ಕುಲುಮೆಗಳು ಆರಿ ಹೋಗಿವೆ. ಅಲ್ಲಿನ ಬಳೆ ಈಗ ಯಾವ ಅರಮನೆಯ ಕಪಾಟಿನಲ್ಲೂ ಗೌರವದ ಜಾಗ ಪಡೆದಿಲ್ಲ. ಅಪರೂಪ ಎನ್ನುವುದಾದರೆ ಎಗರ್‌ಮಾನ್‌ನ ಹೂದಾನಿಗಿಂತ ಮತ್ತೋಡಿನ ಕರಿಬಳೆ ಅಪರೂಪ. ಹೂದಾನಿ ಯುರೋಪಿನ ಎಷ್ಟೋ ಊರುಗಳಲ್ಲಿ ಸಿಗುತ್ತದೆ.

ಆಸ್ಟ್ರಿಯಾದ ಬಳೆ ನಿಂತದ್ದು 1914ರ ಯುದ್ಧ ಶುರುವಾದಾಗ. ಅದು ಶತ್ರುದೇಶದ ಮಾಲಾಯಿತು. ಆ ಜಾಗಕ್ಕೆ ಜಪಾನಿನ ಬಳೆ ಬಂತು, ಬರಬರುತ್ತ ಉತ್ತರಪ್ರದೇಶದ ಫಿರೋಜಾಬಾದಿನದು. ಸ್ವದೇಶಿ ಗಾಜಿನ ಕನಸು ಮಾತ್ರ ಅದಕ್ಕಿಂತ ಮುಂಚಿನದು. ಜನರಿಂದ ಒಂದೊಂದು ಪೈಸೆ ಎತ್ತಿ ಕೂಡಿಸಿದ ನಿಧಿಯಿಂದ 1908ರಲ್ಲಿ ಪುಣೆ ಹತ್ತಿರದ ತಳೇಗಾಂವದಲ್ಲಿ ಪೈಸಾ ಫಂಡ್ ಗಾಜಿನ ಕಾರ್ಖಾನೆ ತಲೆಯೆತ್ತಿತು. ಲೋಕಮಾನ್ಯ ತಿಲಕರ ಬೆಂಬಲ ಇದಕ್ಕಿತ್ತು. ಜಪಾನು, ಅಮೆರಿಕದಲ್ಲಿ ಗಾಜಿನ ವಿದ್ಯೆ ಕಲಿತು ಬಂದ ಈಶ್ವರದಾಸ ವಾರ್ಷ್ಣೇಯ ಅಲ್ಲಿನ ಮೊದಲ ತಂತ್ರಜ್ಞ. ಅಲ್ಲಿ ಕಲಿತ ಹುಡುಗರು ದೇಶದ ನಾನಾ ಕಡೆ ಕುಲುಮೆ ಹಚ್ಚಿದರು. 1916ರಲ್ಲಿ ಕರಾಡದ ಹತ್ತಿರ ಓಗಲೆ ಸೋದರರು ಕಾರ್ಖಾನೆ ಕಟ್ಟಿದರು. ಆ ಜಾಗಕ್ಕೆ ಓಗಲೆವಾಡಿ ಎಂದೇ ಹೆಸರು ಬಿತ್ತು. ಅವರ ಪ್ರಭಾಕರ ಕಂದೀಲು ಸೊಲ್ಲಾಪುರ, ವಿಜಯಪುರ, ಕಲಬುರಗಿ ಸೀಮೆಯ ಹಳಬರಿಗೆ ಪರಿಚಯ ಹೇಳಬೇಕಾಗಿಲ್ಲ. ಮಳೆಗಾಳಿಯಲ್ಲಿ ಹೊಲಕ್ಕೆ ನೀರು ಹಾಯಿಸಲು ಹೋದವರು, ಭಜನೆಯ ಮೇಳದವರು, ಪರೀಕ್ಷೆಗೆ ಓದಿದವರು ಎಲ್ಲ ಅದರ ಬೆಳಕಿನಲ್ಲೇ. ಸಂಜೆಯಾಗುತ್ತಲೇ ಬೂದಿ ಹಾಕಿ ಗಾಜು ಒರೆಸುವುದು ಮನೆಯ ಸಣ್ಣ ಮಕ್ಕಳ ಕೆಲಸ, ಅವರ ಕೈ ಮಾತ್ರ ಅದರೊಳಗೆ ಹಿಡಿಯುತ್ತಿತ್ತು. ಒಡೆದರೆ ಬೈಗುಳ ಗ್ಯಾರಂಟಿ.

ಕಂದೀಲಿನ ಗಾಜಿನ ಬಗ್ಗೆ ಕೊಂಚ ಹೇಳಬೇಕು. ಇದು ನೋಡಲು ಸಾದಾ, ಮಾಡಲು ಕಷ್ಟದ್ದು. ಒಳಗೆ ಉರಿ, ಹೊರಗೆ ಮಳೆಹನಿ. ಬಿಸಿ ಗಾಜಿಗೆ ತಣ್ಣೀರು ಸಿಡಿದರೆ ಸೀಳಬೇಕು. ಹಾಗಾಗದಿರಲು ಗಾಜು ಎಲ್ಲ ಕಡೆ ಒಂದೇ ದಪ್ಪ ಇರಬೇಕು, ಮಾಡಿದ ಮೇಲೆ ಕುಲುಮೆಯ ಪಕ್ಕದ ಗೂಡಿನಲ್ಲಿ ನಿಧಾನ ಆರಬೇಕು. ಅವಸರದಲ್ಲಿ ಆರಿಸಿದ ಗಾಜಿನೊಳಗೆ ಬಿಗುವು ಉಳಿದು, ಮುಂದೊಂದು ದಿನ ಯಾರೂ ಮುಟ್ಟದಿದ್ದರೂ ಟಪ್ ಎಂದು ಒಡೆಯುತ್ತದೆ. ಕಾರಣ ಗೊತ್ತಿಲ್ಲದ ಹಿರಿಯರು ಅದಕ್ಕೆ ಅಪಶಕುನ ಎಂದು ಹೆಸರಿಟ್ಟಿದ್ದರು.

ನಮ್ಮೂರುಗಳಲ್ಲಿ ಉಳಿದಿರುವ ಗಾಜು ಇಂಥದ್ದೇ. ಗೌಡರ, ದೇಸಾಯರ ವಾಡೆಗಳಲ್ಲಿ ತೊಲೆಗೆ ನೇತುಬಿದ್ದ ಬಣ್ಣದ ಹಂಡಿ, ಪಾರೆ ಎದ್ದ ಬೆಲ್ಜಿಯಂ ಕನ್ನಡಿ, ದೇವರ ಕೋಣೆಯಲ್ಲಿ ಗಾಜಿನ ಹಿಂಬದಿಗೆ ಬರೆದ ಚಿತ್ರಪಟ, ಮಾಳಿಗೆ ಮನೆಯ ಬಾಗಿಲ ಮೇಲಿನ ಕೆಂಪು ನೀಲಿ ಹಸಿರು ಗಾಜಿನ ಅರೆವೃತ್ತ. ಕಲಬುರಗಿಯ ಖಾಜಾ ಬಂದೇನವಾಜರ ದರ್ಗಾದೊಳಗೆ ಗೋಡೆಗೂ ಗುಮ್ಮಟಕ್ಕೂ ಕೂರಿಸಿದ ಕನ್ನಡಿ ಚೂರುಗಳನ್ನು ಉರುಸಿನಲ್ಲಿ ಲಕ್ಷಾಂತರ ಮಂದಿ ನೋಡುತ್ತಾರೆ. ವಾಡೆಗಳು ಪಾಲಾಗಿ ಬೀಳುತ್ತಿವೆ. ಬಿದ್ದ ದಿನವೇ ಗುಜರಿಯವನು ಬರುತ್ತಾನೆ, ಅವನ ಹಿಂದೆ ಹೈದರಾಬಾದಿನ, ಮುಂಬಯಿಯ ಹಳೆ ಸಾಮಾನಿನ ವ್ಯಾಪಾರಿ. ಹಂಡಿಯೊಂದಕ್ಕೆ ಕೊಟ್ಟದ್ದು ನೂರಿನ್ನೂರು, ಮಾರಿದ್ದು ಅದರ ಎಷ್ಟೋ ಪಟ್ಟು. ಇನ್ನೊಂದು ಕಡೆ ಫಿರೋಜಾಬಾದಿನ ಹೊಸ ಹಂಡಿಗೆ ಹೊಗೆ ಹಿಡಿಸಿ ‘ನಿಜಾಮರ ಕಾಲದ್ದು’ ಎಂದು ಮಾರುವವರೂ ಇದ್ದಾರೆ. ಗುರುತಿಸುವುದು ಕಷ್ಟವಲ್ಲ. ಕೈಯಿಂದ ಊದಿದ ಹಳೆಯ ಗಾಜಿನ ತಳದಲ್ಲಿ ಕಂಬಿಯಿಂದ ಮುರಿದು ಬಿಡಿಸಿದ ಗುರುತು ಇರುತ್ತದೆ, ಒಳಗೆ ಸಣ್ಣ ಗಾಳಿಗುಳ್ಳೆ ಇರುತ್ತವೆ, ಕೂತ ಜಾಗದಲ್ಲಿ ನಾನಾ ದಿಕ್ಕಿನ ಗೀರುಗಳಿರುತ್ತವೆ. ಮರಳು ಕಾಗದದಲ್ಲಿ ಉಜ್ಜಿದ ನಕಲಿ ಗೀರುಗಳು ಒಂದೇ ದಿಕ್ಕಿಗೆ ಸಾಲಾಗಿ ನಿಂತಿರುತ್ತವೆ.

ಜಾತ್ರೆಯ ಗೋಲಿ ಸೋಡಾ ಸೀಸೆಯನ್ನೂ ಈ ಸಾಲಿಗೆ ಸೇರಿಸದಿದ್ದರೆ ಅನ್ಯಾಯ. ಇಂಗ್ಲೆಂಡಿನ ಹೈರಮ್ ಕಾಡ್ 1870ರ ದಶಕದ ಮೊದಲ ವರ್ಷಗಳಲ್ಲಿ ಪೇಟೆಂಟು ಪಡೆದ ಸೀಸೆ ಅದು. ಸೀಸೆಯನ್ನು ತಲೆಕೆಳಗು ಮಾಡಿ ಗ್ಯಾಸು ತುಂಬಿದಾಗ ಗೋಲಿ ಬಾಯಿಗೆ ಬಂದು ರಬ್ಬರ್ ಬಳೆಗೆ ಒತ್ತಿ ಕೂರುತ್ತದೆ, ಒಳಗಿನ ಒತ್ತಡವೇ ಅದಕ್ಕೆ ಬಿರಡೆ. ಕತ್ತಿನ ಎರಡು ತಗ್ಗುಗಳು ಸೋಡಾ ಬಗ್ಗಿಸುವಾಗ ಗೋಲಿಯನ್ನು ತಡೆಯುತ್ತವೆ. ಇಂಗ್ಲೆಂಡಿನ ಹುಡುಗರು ಗೋಲಿಯ ಆಸೆಗೆ ಸೀಸೆ ಒಡೆದೊಡೆದು ಹಾಕಿದ್ದರಿಂದ ಅಲ್ಲೀಗ ಅವು ಸಂಗ್ರಹಕಾರರ ಮಾಲು. ಬಣ್ಣದ ಕಾಡ್ ಸೀಸೆಗೆ ಅಲ್ಲಿ ಪೈಪೋಟಿಯ ಹರಾಜು ನಡೆಯುತ್ತದೆ. ನಮ್ಮಲ್ಲಿ ಗಾಣಗಾಪುರದ ಬೇಸಿಗೆಯಲ್ಲಿ ಇನ್ನೂ ಟಪ್ಪೆಂದು ಬಿಚ್ಚಿ ಕುಡಿದು ಸೀಸೆ ವಾಪಸು ಕೊಡುತ್ತೇವೆ.

ಹೋಗುವವರಿಗೆ ಒಂದು ಸೂಚನೆ. ಸಾಲಾರ್ ಜಂಗ್‌ಗೆ ಶುಕ್ರವಾರ ರಜೆ. ಯುರೋಪಿನ ವಿಭಾಗಗಳು ಪಶ್ಚಿಮದ ಕಟ್ಟಡದಲ್ಲಿವೆ. ಮುಖ್ಯ ಕಟ್ಟಡ ನೋಡಿ ಮುಗಿಸುವಷ್ಟರಲ್ಲಿ ಕಾಲು ಸೋತು ಅಲ್ಲಿಗೆ ಹೋಗದೆ ಮರಳುವವರೇ ಹೆಚ್ಚು. ಹಾಗಾಗಿ ಮೊದಲೇ ಅಲ್ಲಿಗೆ ಹೋಗಿ.

ಊರಿಗೆ ಬಂದ ಮೇಲೆ ಈ ಗಾಜಿನ ವಿಷಯವನ್ನು ಓಣಿಯ ಹಿರಿಯಳೊಬ್ಬಳಿಗೆ ಹೇಳುತ್ತಿದ್ದೆ. ಅವಳ ಗೂಡಿನಲ್ಲಿ ಹಸಿರು ಛಾಯೆಯ ದಪ್ಪ ಸೀಸೆಯೊಂದಿದೆ, ಕತ್ತು ಸ್ವಲ್ಪ ಸೊಟ್ಟ, ತಳದಲ್ಲಿ ಕಂಬಿಯ ಗುರುತು.

‘ಸೀಸಿ ನೋಡ್ಲಾಕ ಹೈದ್ರಾಬಾದಿಗಿ ಹೋಗಿದ್ದೇನೋ ತಮ್ಮಾ?’ ಎಂದಳು.

‘ಹೂಂ ಆಯಿ. ನಿನ್ನ ಈ ಸೀಸಿನೂ ಭಾಳ ಹಳೀದದ. ಹಿಂಗ ಇಡಬ್ಯಾಡ, ನನಗ ಕೊಡು. ಜ್ವಾಕಿ ಮಾಡ್ತೀನಿ.’

‘ಅದ್ರಾಗ ಹರಳೆಣ್ಣಿ ಅದ. ಖಾಲಿ ಆದಮ್ಯಾಲ ಬಾ’ ಎಂದವಳು, ಎರಡು ಹನಿ ಅಂಗೈಗೆ ಬಗ್ಗಿಸಿಕೊಂಡು ಮೊಮ್ಮಗಳ ನೆತ್ತಿಗೆ ತಟ್ಟಿದಳು. ಸೀಸೆ ಇನ್ನೂ ಮುಕ್ಕಾಲು ತುಂಬಿತ್ತು.